ಮರ್ಯಾದೆ ಎಂಬ ಕೈಸನ್ನೆ

ಹೋದ ವಾರ ತಿರುವನಂತಪುರದ ಹೊರವಲಯದ ಕಳಕ್ಕೂಟಂನಿಂದ ಒಂದು ಫೋನು ಬಂತು. ನಾನು ನಿವೃತ್ತಳಾಗುವ ಮೊದಲು ಕೊನೆಯದಾಗಿ ಮಾಡಿದ ಕೆಲಸವನ್ನು ಈಗ ಅಲ್ಲಿಯ ಒಂದು ಚಿಕ್ಕ ಕಂಪನಿ ಮುಂದುವರಿಸುತ್ತಿದೆ. ಮಾತಾಡಿದವಳು ಮೇಘನಾ, ಮೈಸೂರಿನವಳು, ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿಲ್ಲ.

"ಮೇಡಂ, ನಿಮ್ಮ ಹಳೇ ಡೇಟಾ ನೋಡ್ತಿದ್ದೆ. ಎಡಕ್ಕೆ, ಬಲಕ್ಕೆ, ಎತ್ತು, ಒತ್ತು, ತಿರುಗಿಸು, ಇವೆಲ್ಲಾ ಅರ್ಥ ಆಯ್ತು. 'ಮರ್ಯಾದೆ' ಅಂತ ಒಂದಿದೆಯಲ್ಲ, ಅದ್ಯಾವ ಸನ್ನೆ? ಅದು ಬಂದ್ರೆ ಕಂಪ್ಯೂಟರ್ ಏನೂ ಮಾಡೋದೇ ಇಲ್ಲ. ಸುಮ್ನೆ ಜಾಗ ತಿಂತಿದೆ. ತೆಗೆದು ಹಾಕ್ಲಾ?"

ಅವಳಿಗೆ ಏನು ಹೇಳಿದೆ ಎಂಬುದು ಕೊನೆಗೆ ಇರಲಿ. ಆದರೆ ಈ ಕೆಲಸಕ್ಕೆ ಬರುವ ಹೊಸಬರು ಎಲ್ಲರೂ ಒಂದಲ್ಲ ಒಂದು ದಿನ ಇದೇ ಪ್ರಶ್ನೆ ಕೇಳುತ್ತಾರೆ ಅನ್ನಿಸಿತು. ಹಾಗಾಗಿ ಬರೆಯಲು ಕೂತಿದ್ದೇನೆ.

ನಾನು ಧಾರವಾಡದವಳು. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತೆಂದು ಬಂದೆ, ಇಲ್ಲಿಯೇ ಉಳಿದೆ. ನನ್ನ ಯಜಮಾನರು ಬ್ಯಾಂಕಿನವರು, ವರ್ಗ ಮಾಡಿಸಿಕೊಂಡು ಹಿಂದೆಯೇ ಬಂದರು. ಊರೊಳಗಿನ ಪಟ್ಟಂ ಬಡಾವಣೆಯಲ್ಲಿ ಫ್ಲ್ಯಾಟು ತೆಗೆದುಕೊಂಡೆವು. ಮಗಳಿಗೆ ನಾನು ಕನ್ನಡದಲ್ಲಿ ಬೈದರೆ ಅವಳು ಮಲಯಾಳದಲ್ಲಿ ಎದುರುತ್ತರ ಕೊಡುತ್ತಾಳೆ, ಜಗಳ ಮಾತ್ರ ಎರಡೂ ಕಡೆ ಚೆನ್ನಾಗಿ ಅರ್ಥವಾಗುತ್ತದೆ. ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬ ವಿವರದಿಂದ ನಿಮಗೇನೂ ಆಗಬೇಕಾದ್ದಿಲ್ಲ, ಅದನ್ನು ಬಿಡುತ್ತೇನೆ.

ನನ್ನ ಸರ್ವೀಸಿನ ಹೆಚ್ಚಿನ ಕಾಲ ಕಳೆದದ್ದು ದೊಡ್ಡ ರೇಡಾರುಗಳ ಜೊತೆ. ಕಡಲ ಮೇಲೆ ಎಲ್ಲೋ ದೂರದಲ್ಲಿ ಕಟ್ಟುತ್ತಿರುವ ಮೋಡವನ್ನು ನೋಡುವ ಯಂತ್ರಗಳು ಅವು. ಆಂಟೆನಾ ಏರಿ ತುಕ್ಕು ಕೆರೆದಿದ್ದೇನೆ, ಗಾಳಿಗೆ ಸೀರೆ ಹಾರದಂತೆ ಸೊಂಟಕ್ಕೆ ಸುತ್ತಿ ಬೋಲ್ಟು ಬಿಗಿದಿದ್ದೇನೆ. ಹಾಗಿರುವಾಗ ಒಂದು ದಿನ ನಮ್ಮ ವಿಭಾಗದ ಮುಖ್ಯಸ್ಥರಾದ ಕುರುಪ್ ಸಾರ್ ನನ್ನ ಅಂಗೈಯಲ್ಲಿ ಉಗುರಿನಷ್ಟು ದೊಡ್ಡ ಒಂದು ಎಲೆಕ್ಟ್ರಾನಿಕ್ ಚಿಪ್ ಇಟ್ಟರು.

"ಇದೂ ರೇಡಾರೇ," ಅಂದರು. "ಇನ್ನು ಮೋಡ ಸಾಕು. ಮನುಷ್ಯರ ಕೈ ನೋಡಿ."

ಕುರುಪ್ ಸಾರ್ ಮಾತಾಡುತ್ತಿದ್ದುದು ಮಲಯಾಳದಲ್ಲಿ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದುಕೊಂಡಿದ್ದೇನೆ. ಆಫೀಸಿನಲ್ಲಿ ಅವರು ಯಾರಿಗೂ ತಲೆ ಬಾಗಿಸಿದವರಲ್ಲ. ದೆಹಲಿಯಿಂದ ಬಂದ ಕಾರ್ಯದರ್ಶಿಯನ್ನೂ ಕೂತಲ್ಲಿಂದಲೇ ಮಾತಾಡಿಸಿದ ಆಸಾಮಿ. ನನಗೂ ಅವರಿಗೂ ದಿನಾ ಒಂದು ಜಟಾಪಟಿ ಆಗದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಕೆಲಸ ಏನೆಂದು ಸರಳವಾಗಿ ಹೇಳುತ್ತೇನೆ. ಆ ಚಿಪ್‌ನಿಂದ ಹೊರಟ ಅಲೆ ಎದುರಿಗಿರುವ ಕೈಗೆ ತಾಗಿ ಹಿಂದಿರುಗುತ್ತದೆ. ಕೈ ಹತ್ತಿರ ಬಂದರೆ, ದೂರ ಹೋದರೆ, ಅಲ್ಲಾಡಿದರೆ ಹಿಂದಿರುಗಿದ ಅಲೆ ಬದಲಾಗುತ್ತದೆ. ಆ ಬದಲಾವಣೆಯನ್ನು ಓದಿ ಇದು ಇಂಥ ಸನ್ನೆ ಎಂದು ಕಂಪ್ಯೂಟರು ತಿಳಿಯಬೇಕು, ಮೌಸು ಕೀಬೋರ್ಡು ಮುಟ್ಟದೆಯೇ ಹೇಳಿದ ಕೆಲಸ ಮಾಡಬೇಕು. ಒಂದು ಮಾತು ನೆನಪಿಡಿ. ರೇಡಾರ್ ಕೈಯ ಚಿತ್ರ ತೆಗೆಯುವುದಿಲ್ಲ, ಅದಕ್ಕೆ ತಿಳಿಯುವುದು ಚಲನೆ ಮಾತ್ರ. ಮುಖ ಯಾರದು, ಬಣ್ಣ ಯಾವುದು, ಅದಕ್ಕೆ ಬೇಕಿಲ್ಲ.

ನನಗೆ ಜೊತೆಯಾದವಳು ಅನುಷಾ, ಕಾಸರಗೋಡಿನ ಕನ್ನಡತಿ. ಪ್ರಯೋಗಾಲಯದಲ್ಲಿ ನಮ್ಮಿಬ್ಬರ ಕನ್ನಡವನ್ನು ಕೇಳಿದ ಮಲಯಾಳಿಗಳು ಇವೆರಡೂ ಒಂದೇ ಭಾಷೆಯೇ ಎಂದು ಕೇಳುತ್ತಿದ್ದರು. ನಾವು ಹಳಬರು ಅಲೆಯ ಗೆರೆಯನ್ನು ಕಣ್ಣಿಟ್ಟು ನೋಡಿ, ಇಲ್ಲಿ ಏರಿತು ಇಲ್ಲಿ ಇಳಿಯಿತು ಎಂದು ನಿಯಮ ಬರೆಯುತ್ತಿದ್ದೆವು. ಅನುಷಾಳ ಕಾಲದವರು ಸಾವಿರಾರು ಸಲ ಕೈ ಆಡಿಸಿ ತೋರಿಸಿ ಯಂತ್ರವೇ ಕಲಿಯಲಿ ಎಂದು ಬಿಡುತ್ತಾರೆ. ಮೊದಮೊದಲು ನಾನು ಮೂಗು ಮುರಿದೆ. ಆಮೇಲೆ ಅವಳ ಯಂತ್ರ ನನ್ನ ನಿಯಮಗಳನ್ನು ಮಕಾಡೆ ಕೆಡವಿದಾಗ ಸುಮ್ಮನಾದೆ.

ಆದರೆ ಕಲಿಯುವ ಯಂತ್ರ ಏನನ್ನು ಕಲಿಯುತ್ತಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಶುರುವಿನಲ್ಲಿ ಅದು ನನ್ನ ಸನ್ನೆಯನ್ನು ಎಲ್ಲರದಕ್ಕಿಂತ ಚೆನ್ನಾಗಿ ಗುರುತಿಸುತ್ತಿತ್ತು. ನನ್ನ ಕೈಯ ಹಿಡಿತವೇ ಹಾಗೆ ಎಂದು ಕುರುಪ್ ಸಾರ್ ಎದುರು ಕೊಚ್ಚಿಕೊಂಡೂ ಆಗಿತ್ತು.

"ಮೇಡಂ, ನೀವು ಬಳೆ ಒಮ್ಮೆ ತೆಗೀತೀರಾ?" ಅಂದಳು ಅನುಷಾ. "ನಂಗೆ ಎಂತದೋ ಸಂಶಯ ಉಂಟು."

ತೆಗೆದೆ. ಯಂತ್ರಕ್ಕೆ ನನ್ನ ಗುರುತೇ ಹತ್ತಲಿಲ್ಲ. ಅದು ಅಷ್ಟು ದಿನ ನೋಡುತ್ತಿದ್ದದ್ದು ನನ್ನ ಚಿನ್ನದ ಬಳೆಗಳನ್ನು. ಅನುಷಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು, ಕುರುಪ್ ಸಾರ್‌ಗೆ ಅಷ್ಟೂ ಸಂಕೋಚ ಇರಲಿಲ್ಲ.

ಅವರ ಸರದಿಯೂ ಬಂತು. ನಮ್ಮ ಪ್ರಯೋಗವೆಲ್ಲ ನಡೆದದ್ದು ಎ.ಸಿ. ಕೋಣೆಯಲ್ಲಿ. ಹಿರಿಯ ಅಧಿಕಾರಿಗಳಿಗೆ ತೋರಿಸಲು ಕುರುಪ್ ಸಾರ್ ಯಂತ್ರವನ್ನು ತಮ್ಮ ಹಳೇ ಸಭಾಕೋಣೆಗೆ ಒಯ್ದರು. ಬೆರಳು ಸುತ್ತಿಸಿದರೆ ಹಾಡಿನ ಸದ್ದು ಏರಬೇಕು. ಯಾರೂ ಬೆರಳು ಎತ್ತುವ ಮೊದಲೇ ಹಾಡು ಏರಿತು, ಏರುತ್ತಲೇ ಹೋಯಿತು, ಪಕ್ಕದ ಲೆಕ್ಕ ವಿಭಾಗದವರು ಬಾಗಿಲಿಗೆ ಬಂದು ಇಣುಕಿದರು. ನಾನು ಎದ್ದು ಹೋಗಿ ಸೀಲಿಂಗ್ ಫ್ಯಾನ್ ಆರಿಸಿದೆ. ಹಾಡಿನ ಸದ್ದು ಏರುವುದು ಅಲ್ಲಿಗೇ ನಿಂತಿತು. ಅಂದಿನಿಂದ ನಮ್ಮ ಪ್ರಯೋಗಾಲಯಕ್ಕೂ ಒಂದು ಫ್ಯಾನು ಬಂತು.

ಇವೆಲ್ಲ ನಕ್ಕು ಮರೆಯುವ ತಪ್ಪುಗಳು. ಜೋಸೆಫ್ ಅವರ ವಿಷಯ ಹಾಗಲ್ಲ.

ಕೊಚ್ಚಿಯ ಹತ್ತಿರ ಅಂಬಲಮುಗಳ್ ಕಡೆಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಜೋಸೆಫ್ ಪ್ಯಾನೆಲ್ ಆಪರೇಟರ್. ಅಂದರೆ ನಿಯಂತ್ರಣ ಕೋಣೆಯಲ್ಲಿ ಪರದೆಯ ಮುಂದಿದ್ದು ಯಾವ ವಾಲ್ವ್ ಎಷ್ಟು ತೆರೆಯಬೇಕು, ಎಷ್ಟು ಮುಚ್ಚಬೇಕು ಎಂದು ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ದೇವರ ಪಟದ ಮುಂದಿನ ದೀಪದಿಂದ ಪರದೆ ಬಟ್ಟೆಗೆ ಬೆಂಕಿ ಹತ್ತಿದಾಗ ಬರಿಗೈಯಿಂದ ಎಳೆದು ಹಾಕಿದ್ದರು. ಮನೆ ಉಳಿಯಿತು, ಎರಡೂ ಕೈಯ ಬೆರಳುಗಳು ಮಡಚಲಾರದಂತೆ ಬಿಗಿದುಹೋದವು. ತುರ್ತಿನ ಗುಂಡಿಗಳು ದೊಡ್ಡವು, ಅವನ್ನು ಅಂಗೈಯಿಂದ ಒತ್ತಬಲ್ಲರು. ಮೌಸು ಹಿಡಿಯಲಾಗದು. ಅಂಗೈಯಿಂದ ಉರುಳಿಸುವ ಚೆಂಡು ಕೊಟ್ಟು ನೋಡಿದರು, ಹೊಸದಾಗಿ ಬೆಳೆದ ಚರ್ಮ ಕಿತ್ತುಬಂತು. ಕ್ಯಾಮೆರಾ ಇಟ್ಟು ಕೈ ಗುರುತಿಸೋಣವೆಂದರೆ ಆ ಕೋಣೆಯೊಳಗೆ ಕ್ಯಾಮೆರಾಗೆ ಪ್ರವೇಶವೇ ಇಲ್ಲ. ಚಿತ್ರ ತೆಗೆಯದ ನಮ್ಮ ರೇಡಾರ್‌ಗೆ ಮಾತ್ರ ಅವರ ಭದ್ರತಾ ವಿಭಾಗ ಒಪ್ಪಿತು.

ನಾನೂ ಅನುಷಾಳೂ ಮೊದಲ ಸಲ ಅವರ ಮನೆಗೆ ಹೋದಾಗ ಜೋಸೆಫ್ ಅಂಗಳದಲ್ಲಿ ಮುಂಡನ್ನು, ಅಂದರೆ ಇಲ್ಲಿಯವರು ಉಡುವ ಪಂಚೆಯನ್ನು, ಮೊಣಕಾಲಿನ ಮೇಲೆ ಮಡಚಿ ಕಟ್ಟಿ ನಿಂತಿದ್ದರು. ನಮ್ಮನ್ನು ಕಂಡವರೇ ಮುಂಡು ಇಳಿಸಿ, "ಬನ್ನಿ ಮೇಡಂ," ಅಂದರು. ಪ್ಯಾಂಟಿನ ಗುಂಡಿ ಹಾಕಲಾಗದ್ದರಿಂದ ಆಗ ಅವರದು ಸದಾ ಮುಂಡೇ, ಅದನ್ನೂ ಹೆಂಡತಿ ಲಿಸಿ ಉಡಿಸಬೇಕು. ಚಹಾ ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದು ಕುಡಿದರು.

"ನನ್ನನ್ನು ಸಾಮಾನು ಇಡೋ ಸ್ಟೋರಿಗೆ ಹಾಕ್ತಾರಂತೆ ಮೇಡಂ," ಅಂದರು. "ಸಂಬಳಕ್ಕೆ ತೊಂದರೆ ಇಲ್ಲ. ಆದರೆ ಅಲ್ಲಿ ಕೂತು ನಾನು ಏನು ಮಾಡಲಿ? ರಿಟೈರ್ ಆಗೋದು ಹತ್ತಿರ ಬಂದಿದೆ. ನನ್ನ ಪ್ಯಾನೆಲ್ ಮುಂದೆ ನಿಂತು ರಿಟೈರ್ ಆಗಬೇಕು. ಅದೊಂದು ಮಾಡಿಕೊಡಿ."

ನಾವು ಹೊರಡುವಾಗ ಲಿಸಿ ಗೇಟಿನವರೆಗೆ ಬಂದು, ಅಕ್ಕನಿಗೆ ಹೇಳುವಂತೆ ನನ್ನ ಕೈ ಹಿಡಿದುಕೊಂಡು, "ಚೇಚಿ, ಅವರು ರಾತ್ರಿ ನಿದ್ದೆಯಲ್ಲೂ ವಾಲ್ವ್ ನಂಬರ್ ಹೇಳ್ತಾರೆ," ಅಂದಳು. ಮೋಡದ ಕೆಲಸದಲ್ಲಿ ಯಾವ ಮೋಡವೂ ನನ್ನ ಕೈ ಹಿಡಿದು ಹೀಗೆ ಕೇಳಿಕೊಂಡದ್ದಿಲ್ಲ.

ಕೆಲಸ ಚುರುಕಾಗಿ ನಡೆಯಿತು. ಜೋಸೆಫ್ ಅವರ ಬಿಗಿದ ಅಂಗೈಗೆ ಸಾಧ್ಯವಾಗುವ ಸನ್ನೆಗಳನ್ನೇ ಆರಿಸಿದೆವು. ಅಂಗೈ ಕೆಳಮುಖ ಮಾಡಿ ಒತ್ತಿದಷ್ಟೂ ವಾಲ್ವ್ ಮುಚ್ಚಬೇಕು, ಎತ್ತಿದಷ್ಟೂ ತೆರೆಯಬೇಕು. ಮೊದಲು ರೇಡಾರನ್ನು ಪರದೆಯ ಮೇಲ್ಗಡೆ ಕೂರಿಸಿದ್ದೆವು. ಕೈ ಎತ್ತಿ ಹಿಡಿದು ಹಿಡಿದು ಅವರ ಭುಜ ಸೋತುಹೋಗುತ್ತಿತ್ತು, ಲಿಸಿ ದಿನಾ ತೈಲ ತಿಕ್ಕಬೇಕಾಯಿತು. ಆದ್ದರಿಂದ ಅದನ್ನು ಸೊಂಟದ ಮಟ್ಟಕ್ಕೆ ಇಳಿಸಿದೆವು. ಮೊಣಕೈ ಮೈಗೆ ಆನಿಸಿಕೊಂಡು, ಅಂಗೈ ಮಾತ್ರ ಆಡಿಸಿದರೆ ಸಾಕು. ಅವರ ಮನೆಯ ಕೋಣೆಯಲ್ಲಿ ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಅನುಷಾ ಮರಳುವಾಗ ರೈಲಿನಲ್ಲಿ ಇಡೀ ದಾರಿ ಹಾಡಿಕೊಂಡೇ ಬಂದಳು.

ಕಾರ್ಖಾನೆಯ ಗೇಟಿನ ಹೊರಗೆ ತರಬೇತಿ ಕೋಣೆಯೊಂದಿದೆ. ಅಲ್ಲಿಯದು ನಿಜವಾದ ಪ್ಯಾನೆಲ್‌ನಂತೆಯೇ ಇರುವ ಅಣಕು ಪ್ಯಾನೆಲ್. ಪರೀಕ್ಷೆ ಅಲ್ಲಿ. ಜೋಸೆಫ್ ಮುಂಡು ಮಡಚಿ ಕಟ್ಟಿಕೊಂಡು ಪರದೆಯ ಮುಂದೆ ನಿಂತು ಸರಾಗವಾಗಿ ಕೆಲಸ ಮಾಡುತ್ತಿದ್ದರು. ಅಷ್ಟರಲ್ಲಿ ಚೀಫ್ ಮ್ಯಾನೇಜರ್ ಒಳಗೆ ಬಂದರು. ಪರದೆಯ ಮೇಲೆ ಮುಖ್ಯ ವಾಲ್ವ್ ತಾನಾಗಿ ಮುಚ್ಚಿಕೊಂಡಿತು.

"ಇದು ನಿಜವಾದ ಪ್ಲಾಂಟ್ ಆಗಿದ್ದರೆ?" ಅಂದರು ಅವರು. ಜೋಸೆಫ್ ಅವರ ಮುಖ ಬಿಳಿಚಿಕೊಂಡಿತು. "ನಾನು ಒತ್ತಲಿಲ್ಲ ಸಾರ್. ಸತ್ಯವಾಗಿ ಒತ್ತಲಿಲ್ಲ."

ಚೀಫ್ ಮ್ಯಾನೇಜರ್ ಸೊಂಟಕ್ಕೆ ನೇತುಹಾಕಿದ್ದ ವಾಕಿಟಾಕಿಯ ಮೇಲೆ ನಮಗೆ ಅನುಮಾನ ಬಂತು. ಅದರ ಅಲೆಗೂ ನಮ್ಮ ಅಲೆಗೂ ಸಂಬಂಧವೇ ಇಲ್ಲವೆಂದು ಓದಿದವರಿಗೆಲ್ಲ ಗೊತ್ತು, ಆದರೂ ಸೋತಾಗ ಯಾರ ತಲೆಗಾದರೂ ಕಟ್ಟಬೇಕಲ್ಲ. ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ. ಚೀಫ್ ಮ್ಯಾನೇಜರ್ ವಾಕಿಟಾಕಿಯನ್ನು ಹೊರಗೆ ಇಟ್ಟು, ಎರಡೂ ಕೈ ಎತ್ತಿ ತೋರಿಸಿಯೇ ಒಳಗೆ ಬಂದರು. ವಾಲ್ವ್ ಮುಚ್ಚಿಕೊಂಡಿತು.

"ಓಣಂ ಮುಗಿದ ಮೇಲೆ ಇನ್ನೊಂದೇ ಒಂದು ಸಲ," ಅಂದರು. "ಆಮೇಲೆ ನಾನು ಜೋಸೆಫ್ ಅವರನ್ನು ಸ್ಟೋರಿಗೆ ಕಳಿಸಲೇಬೇಕಾಗುತ್ತದೆ. ದಯವಿಟ್ಟು ತಪ್ಪು ತಿಳಿಯಬೇಡಿ."

ರೈಲಿನಲ್ಲಿ ಅನುಷಾ ಹಾಡಲಿಲ್ಲ. "ಅವರು ಒಳಗೆ ಬಂದ ಕೂಡ್ಲೆ ಆಗುದು ಮೇಡಂ. ನಾವು ಬಂದ್ರೆ ಆಗುದಿಲ್ಲ, ಲಿಸಿ ಬಂದ್ರೆ ಆಗುದಿಲ್ಲ. ಅವರನ್ನು ಕಂಡ್ರೆ ನಮ್ಮ ಮೆಷೀನಿಗೂ ಹೆದ್ರಿಕೆಯಾ ಮಾರಾಯ್ರೆ?" ಅಂದಳು. ನಕ್ಕೆವು, ಆದರೆ ಅವಳು ಹೇಳಿದ್ದು ಸತ್ಯಕ್ಕೆ ತೀರಾ ಹತ್ತಿರವಿತ್ತು. ಕೋಣೆಯಲ್ಲಿ ಏನಾಯಿತೆಂದು ಮತ್ತೆ ನೋಡಲು ನಮ್ಮ ಹತ್ತಿರ ಒಂದು ಚಿತ್ರವೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಪಟ್ಟಂನ ತರಕಾರಿ ಅಂಗಡಿಯಲ್ಲಿ. ಭಾನುವಾರ ಬೆಳಿಗ್ಗೆ ಯಜಮಾನರ ಜೊತೆ ಹೋಗಿದ್ದೆ. ಆಚೆ ಬದಿಯಲ್ಲಿ ಕುರುಪ್ ಸಾರ್ ಮುಂಡು ಮಡಚಿ ಕಟ್ಟಿ, ಹುರುಳಿಕಾಯಿ ಮುರಿದು ನೋಡಿ ಅಂಗಡಿಯವನನ್ನು ಗದರಿಸುತ್ತಿದ್ದರು. ಅಷ್ಟರಲ್ಲಿ ಕೊಡೆ ಹಿಡಿದ ಒಬ್ಬ ಮುದುಕರು ರಸ್ತೆ ದಾಟಿ ಬಂದರು. ಕುರುಪ್ ಸಾರ್ ಅವರನ್ನು ಕಂಡರು. ಬಾಯಿ ಗದರಿಸುತ್ತಲೇ ಇತ್ತು, ಕೈ ಮಾತ್ರ ಸೊಂಟದಿಂದ ಕೆಳಕ್ಕೆ ಜಾರಿ ಮುಂಡು ಕಾಲಿಗೆ ಇಳಿಯಿತು. "ನಮಸ್ಕಾರ ಮಾಷೆ," ಅಂದರು, ಮೇಷ್ಟ್ರ ಎದುರು ನಿಂತ ಶಾಲೆಯ ಹುಡುಗನ ದನಿಯಲ್ಲಿ.

ನಾನು ಬೆಂಡೆಕಾಯಿ ಕೈಯಲ್ಲಿ ಹಿಡಿದು ಹಾಗೇ ನಿಂತೆ.

"ಏನಾತು ನಿನಗ? ಕುರುಪ್ ಸಾಹೇಬ್ರನ್ನ ಹಂಗ್ಯಾಕ ನೋಡಾಕತ್ತಿ?" ಅಂದರು ಯಜಮಾನರು.

"ಸುಮ್ನಿರ್ರಿ. ಅವ್ರ ಕೈ ನೋಡ್ರಿ. ಒತ್ತು ಅನ್ನೋ ಸನ್ನಿ ಐತಿ ಅದು!"

ಮೂವತ್ತು ವರ್ಷ ಕೇರಳದಲ್ಲಿದ್ದವಳು ದಿನವೂ ನೋಡಿದ್ದೇನೆ. ಮಡಚಿ ಕಟ್ಟಿದ ಮುಂಡನ್ನು ಹಿರಿಯರ ಎದುರು ಇಳಿಸುವುದು ಇಲ್ಲಿಯ ಗಂಡಸರಿಗೆ ಉಸಿರಾಟದಷ್ಟು ಸಹಜ. ನಮ್ಮ ಧಾರವಾಡದಲ್ಲಿ ಕಚ್ಚೆ ಹಾಕಿದ ಧೋತರವನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಬಂದ ಹೊಸದರಲ್ಲಿ ಬೆರಗಾಗಿ ನೋಡಿದ್ದೆ, ಆಮೇಲೆ ಕಣ್ಣಿಗೆ ಬೀಳುವುದೇ ನಿಂತಿತ್ತು. ಹತ್ತಿಯ ಬಟ್ಟೆ ರೇಡಾರಿಗೆ ಹೆಚ್ಚುಕಡಿಮೆ ಕಾಣುವುದಿಲ್ಲ. ಅದಕ್ಕೆ ಕಂಡದ್ದು ಸೊಂಟದ ಮಟ್ಟದಲ್ಲಿ ಅಂಗೈ ಕೆಳಕ್ಕೆ ಹೋದದ್ದು ಮಾತ್ರ. ಜೋಸೆಫ್ ಮೇಲಧಿಕಾರಿಗೆ ಗೌರವ ತೋರಿಸಿದ್ದರು, ಯಂತ್ರ ವಾಲ್ವ್ ಮುಚ್ಚಿತ್ತು. ನಮ್ಮೊಡನೆ ಸಲುಗೆ ಬೆಳೆದು, ನಮ್ಮೆದುರು ಇಳಿಸುವುದು ಎಂದೋ ನಿಂತಿತ್ತು. ಮುಂಡು ಇಳಿಸಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ, ಹಾಗಾಗಿ ಒತ್ತಲಿಲ್ಲ ಎಂದದ್ದೂ ನಿಜವೇ.

ಸೋಮವಾರ ವಿಷಯ ಹೇಳಿದ ಕೂಡಲೇ ಕುರುಪ್ ಸಾರ್, "ಇಷ್ಟೇ ತಾನೆ? ಮುಂಡು ಇಳಿಸಬೇಡಿ ಅಂತ ಹೇಳಿ," ಅಂದು ಫೈಲಿಗೆ ತಿರುಗಿದರು.

ಹೇಳಿಯೂ ನೋಡಿದೆವು. ಜೋಸೆಫ್ ಫೋನಿನಲ್ಲಿ ಒಪ್ಪಿದರು. ಸಂಜೆ ಪಾದ್ರಿಗಳು ಮನೆಗೆ ಬಂದಾಗ ಕೈ ತಾನಾಗಿ ಇಳಿಯಿತೆಂದು ಲಿಸಿ ತಿಳಿಸಿದಳು. ನನಗೆ ಸಿಟ್ಟು ಬಂತು, ಜೋಸೆಫ್ ಮೇಲಲ್ಲ. ನೇರವಾಗಿ ಕುರುಪ್ ಸಾರ್ ಕೋಣೆಗೆ ಹೋದೆ.

"ಸಾರ್, ಭಾನುವಾರ ಆ ಮಾಷ್ ಎದುರು ನೀವು ಯಾಕೆ ಮುಂಡು ಇಳಿಸಿದಿರಿ? ಇಳಿಸದೆ ಇರಬಹುದಿತ್ತಲ್ಲ?"

ಅವರು ತಲೆ ಎತ್ತಿದರು. "ನಾನು ಇಳಿಸಿದೆನಾ?"

"ಇಳಿಸಿದಿರಿ. ಇನ್ನು ಮೇಲೆ ಇಳಿಸಬೇಡಿ ಅಂದರೆ ನಿಮ್ಮಿಂದ ಆಗುತ್ತಾ? ಯಂತ್ರ ನಮ್ಮದು. ಮನುಷ್ಯನನ್ನು ತಿದ್ದೋದು ಬಿಟ್ಟು ಯಂತ್ರಕ್ಕೆ ಕಲಿಸೋಣ."

ಕುರುಪ್ ಸಾರ್ ನಗತೊಡಗಿದರು. ನನ್ನ ಮಾತು ಅವರು ಒಪ್ಪಿದ ಅಪರೂಪದ ದಿನ ಅದು.

ಕಲಿಸಬೇಕಾದರೆ ಮುಂಡು ಇಳಿಸುವ ಕೈಗಳು ಬೇಕು. ಆಫೀಸಿನ ಗಂಡಸರನ್ನು ಕರೆದು, ಎಲ್ಲಿ ಇಳಿಸಿ ನೋಡೋಣ ಎಂದರೆ ನಾಟಕದ ಪಾತ್ರಧಾರಿಗಳಂತೆ ಇಳಿಸಿದರು. ಯಾವುದರಲ್ಲೂ ಆ ಸಹಜ ಜಾರು ಇಲ್ಲ. ಕುರುಪ್ ಸಾರ್ ತಾವೇ ಬಾಗಿಲಿನಿಂದ ಮತ್ತೆ ಮತ್ತೆ ಒಳಗೆ ಬಂದರು. ಒಂದೆರಡು ಸಲ ಆದಮೇಲೆ ಯಾರಿಗೂ ಅವರು ಬಂದದ್ದೇ ಲೆಕ್ಕಕ್ಕಿಲ್ಲ.

"ಆರ್ಡರ್ ಮಾಡಿದ್ರೆ ಮರ್ಯಾದೆ ಬರುದಿಲ್ಲ ಮೇಡಂ," ಅಂದಳು ಅನುಷಾ. "ನಿಜವಾಗಿ ಗೌರವ ಇರುವ ಯಾರಾದ್ರೂ ಎದುರು ಬರ್ಬೇಕು. ಅದೂ ಹೇಳದೆ."

ಆಗ ಕುರುಪ್ ಸಾರ್ ಒಂದು ಉಪಾಯ ಹೇಳಿದರು. ಆಫೀಸಿನ ಓಣಂ ಹಬ್ಬ ಎದುರಿಗೇ ಇತ್ತು. ಗಂಡಸರೆಲ್ಲ ಮುಂಡು ಉಟ್ಟು ಬರುತ್ತಾರೆ, ಹಗ್ಗಜಗ್ಗಾಟಕ್ಕೆ ಅದನ್ನು ಮೇಲೆ ಮಡಚಿ ಕಟ್ಟುತ್ತಾರೆ. ಆಟ ಮುಗಿಸಿ ಬಾಯಾರಿ ನಿಂಬೆ ಶರಬತ್ತಿನ ಮೇಜಿಗೆ ಬರುತ್ತಾರೆ. ಆ ಮೇಜಿನ ಅಂಚಿಗೆ, ಸೊಂಟದ ಮಟ್ಟಕ್ಕೆ ನಮ್ಮ ರೇಡಾರನ್ನು ಕೂರಿಸಿದೆವು. ಪ್ರಯೋಗವೊಂದು ನಡೆದಿದೆ, ಚಲನೆ ದಾಖಲಾಗುತ್ತದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿದ್ದೆವು. ಶರಬತ್ತು ಕೊಡುವವರು ಯಾರು ಎಂದು ಮಾತ್ರ ಹೇಳಿರಲಿಲ್ಲ. ಮೇಜಿನ ಹಿಂದೆ ಬಂದು ನಿಂತವರು ತರಕಾರಿ ಅಂಗಡಿಯ ಆ ಮುದುಕರು, ಶ್ರೀಧರನ್ ಮಾಷ್. ಆ ಭಾಗದ ಶಾಲೆಯೊಂದರ ಹಳೇ ಹೆಡ್‌ಮಾಸ್ಟರು. ನಮ್ಮ ಆಫೀಸಿನ ಕೆಲವರು ಅವರ ಶಿಷ್ಯರು. ಉಳಿದವರಿಗೆ ಆ ಬಿಳಿ ಶರ್ಟು, ದಪ್ಪ ಕನ್ನಡಕ, ಮೊಣಕೈಗೆ ಸಿಕ್ಕಿಸಿದ ಕೊಡೆ ಕಂಡರೇ ಸಾಕಿತ್ತು.

ಬೆವರಿ, ಕೂಗಾಡುತ್ತ ಬಂದ ಗಂಡಸರು ಮೇಜಿನ ಮುಂದೆ ತಲೆ ಎತ್ತಿದ ಕೂಡಲೇ ದನಿ ಇಳಿಸಿದರು. ದನಿಗಿಂತ ಮೊದಲು ಮುಂಡು ಇಳಿಯಿತು. ಒಬ್ಬರದು ಒಂದೇ ಕೈ, ಇನ್ನೊಬ್ಬರದು ಎರಡೂ ಕೈ, ಮತ್ತೊಬ್ಬರು ಮುಂಗೈಯಿಂದ ತಟ್ಟಿ ಬಿಟ್ಟರು. ಅನುಷಾ ಕಂಬದ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕುಣಿಯುವುದೊಂದು ಬಾಕಿ.

ಮಾಷ್‌ಗೆ ಎಲ್ಲ ವಿವರಿಸಿ ಹೇಳಿದಾಗ ಅವರು ಗಂಭೀರವಾಗಿ ಕೇಳಿಸಿಕೊಂಡರು. "ಹಾಗಾದರೆ ಪಾಸ್ ಆಯಿತೋ ಇಲ್ಲವೋ ನನಗೆ ಬಂದು ಹೇಳಬೇಕು," ಅಂದರು. "ಕಲಿಸಿದವನಿಗೆ ಫಲಿತಾಂಶ ತಿಳಿಯಬೇಕು."

ಅಷ್ಟು ಕೈಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ನನ್ನ ಹಳೇ ಕಣ್ಣಿಗೂ ಬಿತ್ತು. ಒತ್ತುವ ಕೈ ನಡುವೆ ಒಂದೆಡೆ ನಿಲ್ಲುತ್ತದೆ. ಮುಂಡು ಇಳಿಸುವ ಕೈ ಎಲ್ಲಿಯೂ ನಿಲ್ಲದೆ ತೊಡೆಯ ಪಕ್ಕಕ್ಕೆ ಬಿದ್ದುಬಿಡುತ್ತದೆ. ಆ ಗುಂಪಿಗೆ ಅನುಷಾ 'ಮರ್ಯಾದೆ' ಎಂದು ಹೆಸರಿಟ್ಟಳು. ನಮ್ಮಿಬ್ಬರ ಕನ್ನಡಕ್ಕೂ ಕುರುಪ್ ಸಾರ್ ಮಲಯಾಳಕ್ಕೂ ಒಪ್ಪುವ ಮಾತು. ಈ ಸನ್ನೆ ಬಂದರೆ ಯಂತ್ರ ಏನೂ ಮಾಡಬಾರದು ಎಂಬುದೇ ಅದರ ಪಾಠ.

ಕೊನೆಯ ಪರೀಕ್ಷೆಯ ದಿನ ಚೀಫ್ ಮ್ಯಾನೇಜರ್ ಒಳಗೆ ಬಂದರು. ಜೋಸೆಫ್ ಅವರ ಕೈ ಇಳಿಯಿತು, ಮುಂಡು ಇಳಿಯಿತು. ವಾಲ್ವ್ ಇದ್ದಲ್ಲೇ ಇತ್ತು. ಚೀಫ್ ಮ್ಯಾನೇಜರ್‌ಗೆ ನಂಬಿಕೆ ಬರಲಿಲ್ಲ.

"ಜೋಸೆಫ್, ಮತ್ತೆ ಮಡಚಿ ಕಟ್ಟಿ. ಇನ್ನೊಮ್ಮೆ ನೋಡೋಣ."

ಜೋಸೆಫ್ ಕಂಗಾಲಾದರು. "ಸಾರ್ ಎದುರಿಗಾ? ಹೇಗೆ ಸಾರ್?"

ಕೊನೆಗೆ ಚೀಫ್ ಮ್ಯಾನೇಜರೇ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಾಯಿತು. ಜೋಸೆಫ್ ಎರಡು ಅಂಗೈ ನಡುವೆ ಅಂಚು ಸಿಕ್ಕಿಸಿ ಮೆಲ್ಲಗೆ ಮಡಚಿಕೊಂಡ ಮೇಲೆ ಅವರು ಒಳಗೆ ಬಂದರು. ಹೀಗೆ ಅವರು ಎಷ್ಟು ಸಲ ಹೊರಗೆ ಹೋಗಿ ಬಂದರೋ! ಪ್ರತಿ ಸಲವೂ ಮುಂಡು ಇಳಿಯಿತು, ಒಮ್ಮೆಯೂ ವಾಲ್ವ್ ಮುಚ್ಚಲಿಲ್ಲ. ಅದೇ ಜೋಸೆಫ್ ಬೇಕೆಂದು ಒತ್ತಿದಾಗ ತಕ್ಷಣ ಮುಚ್ಚಿತು. ಫಲಿತಾಂಶ ಹೇಳಲು ನಾನೂ ಕುರುಪ್ ಸಾರೂ ಮಾಷ್ ಮನೆಗೆ ಹೋದೆವು.

ಜೋಸೆಫ್ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ನನಗೂ ಅನುಷಾಗೂ ನಿಯಂತ್ರಣ ಕೋಣೆಯ ಗಾಜಿನ ಹೊರಗೆ ನಿಂತು ನೋಡಲು ಅನುಮತಿ ಸಿಕ್ಕಿತ್ತು. ಒಳಗೆ ಸಮವಸ್ತ್ರ ಕಡ್ಡಾಯ. ಲಿಸಿ ಪ್ಯಾಂಟಿನ ಗುಂಡಿ ಕಿತ್ತು, ಅಂಟುವ ಪಟ್ಟಿ ಹೊಲಿದುಕೊಟ್ಟಿದ್ದಳು. ಇಸ್ತ್ರಿ ಮಾಡಿದ ನೀಲಿ ಬಟ್ಟೆಯಲ್ಲಿ ಜೋಸೆಫ್ ತಮ್ಮ ಪ್ಯಾನೆಲ್ ಮುಂದೆ ನಿಂತರು. ಈ ಸಲ ಪರದೆಯ ಹಿಂದೆ ನಿಜವಾದ ಕೊಳವೆಗಳು, ನಿಜವಾದ ಒತ್ತಡ. ಚೀಫ್ ಮ್ಯಾನೇಜರ್ ಬಾಗಿಲು ತೆರೆದು ಒಳಗೆ ಬಂದರು.

ಜೋಸೆಫ್ ಅವರ ಕೈ ಸೊಂಟದಿಂದ ಜಾರಿ ತೊಡೆಯ ಪಕ್ಕಕ್ಕೆ ಬಿತ್ತು. ಇಳಿಸಲು ಅಲ್ಲಿ ಮುಂಡೇ ಇರಲಿಲ್ಲ.

ಅನುಷಾ ನನ್ನ ತೋಳು ಬಿಗಿಯಾಗಿ ಹಿಡಿದಳು. ಪರದೆಯ ಮೇಲಿನ ಅಂಕೆ ಅಲುಗಲಿಲ್ಲ. ಚೀಫ್ ಮ್ಯಾನೇಜರ್ ಅದನ್ನು ಒಮ್ಮೆ ನೋಡಿ, ಜೋಸೆಫ್ ಕಡೆ ತಲೆಯಾಡಿಸಿ ಮುಂದೆ ಹೋದರು. ಜೋಸೆಫ್ ಗಾಜಿನ ಕಡೆ ತಿರುಗಿ ನಮ್ಮನ್ನು ನೋಡಿ ನಕ್ಕರು, ಆಮೇಲೆ ತಮ್ಮ ಕೆಲಸಕ್ಕೆ ತಿರುಗಿಕೊಂಡರು. ಅವರ ಆಸೆಯಂತೆ ಅಲ್ಲಿಯೇ ನಿಂತು ರಿಟೈರ್ ಆದರು, ನಾನು ನಿವೃತ್ತಳಾದ ವರ್ಷವೇ.

ಇಷ್ಟನ್ನೆಲ್ಲ ಫೋನಿನಲ್ಲಿ ಕೇಳುವಷ್ಟು ವ್ಯವಧಾನ ಮೇಘನಾಗೂ ಇರಲಿಲ್ಲ, ನನಗೂ ಒಲೆಯ ಮೇಲೆ ಹಾಲಿತ್ತು.

"ಅದನ್ನ ಮುಟ್ಟಬ್ಯಾಡವಾ," ಅಂದೆ. "ಉಳದದ್ದು ಎಲ್ಲಾ ನಾವು ಯಂತ್ರಕ್ಕ ಹೇಳಿದ್ದು. ಅದೊಂದು ಮಾತ್ರ ಮನಷ್ಯಾ ಮನಷ್ಯಾಗ ಹೇಳಿದ್ದು."